ಎಣಿಸಬಾರದ ಮಗಳು

ಮೊನ್ನೆ ವರ್ಷದ ಖಾರಪುಡಿಗೆ ಮೆಣಸಿನಕಾಯಿ ತರಾಕ ಬ್ಯಾಡಗಿಗೆ ಹೋಗಿದ್ದೆ. ಈಗ ನಾವು ಇರೋದು ಹಾವೇರ್ಯಾಗ. ಅಲ್ಲೂ ಮೆಣಸಿನಕಾಯಿ ಸಿಗ್ತಾವ, ಆದ್ರ ಅರ್ಧ ಆಯುಷ್ಯ ಬ್ಯಾಡಗ್ಯಾಗ ಕಳೆದಾಕಿಗೆ ಬ್ಯಾರೆ ಕಡೆ ತಗೊಂಡ್ರ ಮನಸ್ಸು ಒಪ್ಪಂಗಿಲ್ಲ. ರೈಲಿನಿಂದ ಇನ್ನೂ ಕಾಲು ಕೆಳಗ ಇಟ್ಟಿದ್ದಿಲ್ಲ, ಆ ಘಾಟು ಬಂದು ಮೂಗಿಗೆ ಬಡೀತು. ಒಂದರ ಹಿಂದ ಒಂದು ಸೀನು. ಬಾಜೂಕ ನಿಂತಿದ್ದ ಹುಡುಗಿ, "ಆಂಟಿ, ನೀರು ಬೇಕೇನ್ರಿ?" ಅಂದ್ಲು. "ಬ್ಯಾಡವಾ, ನಮ್ಮೂರು ನನ್ನ ಹಿಂಗ ಮಾತಾಡಸ್ತೈತಿ" ಅಂದೆ. ಆಕಿ ನಕ್ಕು ಮುಂದ ಹೋದ್ಲು. ನಾನು ಪ್ಲಾಟ್‌ಫಾರ್ಮಿನ ಬೆಂಚಿನ ಮ್ಯಾಲೆ ಕುಂತು ಕಣ್ಣು ಒರೆಸಿಕೊಂಡೆ. ಘಾಟಿಗೆ ಬಂದ ನೀರು ಅಂತ ನೋಡಿದವ್ರು ತಿಳ್ಕೊಂಡಿರಬೇಕು. ಇದೇ ಪ್ಲಾಟ್‌ಫಾರ್ಮಿನ್ಯಾಗ ನಾನು ಒಬ್ಬಾಕಿನ ಇಳಿದ ದಿನ ನೆನಪಿಗೆ ಬಂದಿತ್ತು.

ಅದು ನನ್ನ ಆಪರೇಷನ್ ಆದ ವರ್ಷ. ಆಗ ನಾವು ಮಾರ್ಕೆಟ್ ಯಾರ್ಡಿನ ಹಿಂದಿನ ಓಣ್ಯಾಗ ಬಾಡಗಿ ಮನ್ಯಾಗಿದ್ವಿ. ನಮ್ಮ ಮನಿಯವ್ರು ಕೋಲ್ಡ್ ಸ್ಟೋರೇಜಿನ್ಯಾಗ ಮಷೀನ್ ನೋಡ್ಕೊಳ್ಳೋ ಕೆಲಸದಾಗಿದ್ರು. ಹೊರಗ ಊರೆಲ್ಲ ಬಿಸಲಿಗೆ ಸುಡ್ತಿದ್ರ ಅವ್ರು ಸ್ವೆಟರ್ ಹಾಕ್ಕೊಂಡು ಡ್ಯೂಟಿಗೆ ಹೋಗವ್ರು, ಓಣ್ಯಾಗಿನ ಹುಡುಗ್ರು ನಗವು. ನಾನು ಮನಿ ಮುಂದಿನ ಖೋಲ್ಯಾಗ ಬ್ಲೌಸ್ ಹೊಲೀತಿದ್ದೆ. ಮೆಣಸಿನಕಾಯಿ ತೊಟ್ಟು ಬಿಡಿಸೋ ಹೆಣ್ಮಕ್ಕಳಿಂದ ಹಿಡಿದು ಅಡತಿ ಸಾಹುಕಾರ್ರ ಸೊಸ್ತೇರ ತನಕ ಎಲ್ಲಾರೂ ನನ್ನ ಟೇಪಿನ ಮುಂದ ಕೈ ಎತ್ತಿ ನಿಂತವ್ರ. ಸೀಜನ್ದಾಗ ಬಿಳಿ ಅರಿವಿ ಕಿಟಕಿ ಕಡೆ ಇಟ್ರ ಸಂಜಿ ಆಗೋದ್ರಾಗ ಕೆಂಪು ಧೂಳು ಕುಂತಿರ್ತಿತ್ತು. ನನ್ನ ಬಾಯಿ ಬಿರುಸು ಅಂತ ಊರಿಗೇ ಗೊತ್ತಿತ್ತು. "ಶಾಂತಕ್ಕ ಬೈದ್ರ ಬೈಲಿ, ಹೊಲಿಗಿ ಮಾತ್ರ ಚಂದ" ಅನ್ನವ್ರು. ಅಷ್ಟು ಮಂದಿ ಎದಿ ಅಳತಿ ತಗೊಂಡಾಕಿಗೆ ತನ್ನ ಎದ್ಯಾಗಿನ ಗಂಟು ಗೊತ್ತಾಗಲಿಲ್ಲ ನೋಡ್ರಿ.

ಗೊತ್ತು ಹಚ್ಚಿದಾಕಿ ನನ್ನ ಮಗಳು ವೀಣಾ. ಆಕಿ ಫಾರ್ಮಸಿ ಓದಿ ರಾಣೆಬೆನ್ನೂರಿನ ಒಂದು ಮೆಡಿಕಲ್ ಶಾಪಿನ್ಯಾಗ ಕೆಲಸಕ್ಕಿದ್ಲು, ದಿನಾ ರೈಲಿಗೆ ಹೋಗಿ ಬರ್ತಿದ್ಲು. ಮ್ಯಾಲಿನ ಕಪಾಟಿನಿಂದ ದಾರದ ಡಬ್ಬಿ ತಗೊಳ್ಳಾಕ ನಾ ಕೈ ಎತ್ತಿದಾಗ ಮಾರಿ ಹಿಂಡಿದ್ದು ನೋಡಿದ್ಲು. "ಏನಾಗೈತಿ?" "ಏನೂ ಇಲ್ಲ, ನಿನ್ನ ಕೆಲಸ ನೋಡು." ಆಕಿ ಬಿಡಲಿಲ್ಲ, ಎಳಕೊಂಡು ಹೋದ್ಲು. ದಸರಾ ಮುಂದ ಹುಬ್ಬಳ್ಳ್ಯಾಗ ಆಪರೇಷನ್ ಆತು. ಒಂದು ಕಡೆ ತಗದ್ರು. ಇಂಜೆಕ್ಷನ್ನಿಗೆ ಕೂದಲಾನೂ ಹೋದುವು. ನೋಡಾಕ ಬಂದ ಓಣಿ ಹೆಣ್ಮಕ್ಕಳು ಸೆರಗು ಬಾಯಿಗೆ ಹಚ್ಚಿ ಅಳಾಕ ಶುರು ಮಾಡಿದ್ರ, "ಯಾಕ ಅಳ್ತೀರಿ, ಇನ್ನ ಮ್ಯಾಲೆ ನನ್ನ ಬ್ಲೌಸಿಗೆ ಅರಿವಿ ಕಡಿಮಿ ಸಾಕು" ಅಂದೆ. ಅಯ್ಯ ಶಿವನ, ಈಕಿಗೆ ತಲಿ ಕೆಟ್ಟೈತಿ ಅಂತ ಅವ್ರು ಎದ್ದು ಹೋದ್ರು. ಅವ್ರು ಹೋದ ಮ್ಯಾಲೆ ನಾನೂ ಅತ್ತುಬಿಟ್ಟೆ, ವೀಣಾ ನನ್ನ ಬೋಳು ತಲಿ ತನ್ನ ಹೆಗಲಿಗೆ ಹಚ್ಚಿಕೊಂಡು ಕುಂತಿದ್ಲು.

ಸಂಕ್ರಾಂತಿ ಆದ ಮ್ಯಾಲೆ, ಯಾರ್ಡಿನ್ಯಾಗ ಮೆಣಸಿನಕಾಯಿ ಚೀಲ ಗುಡ್ಡ ಬೀಳೋ ಹೊತ್ತಿಗೆ, ರಾಣೆಬೆನ್ನೂರಿನ ಡಾಕ್ಟರ್ ಮೇಡಂ ಕಡೆ ತೋರಿಸ್ಕೊಳ್ಳಾಕ ಮನಿಯವ್ರು, ವೀಣಾ, ನಾನು ಹೋದ್ವಿ. ಸಾವಧಾನದ ಹೆಣ್ಮಗಳು. "ನಿಮ್ಮ ತವರಮನಿ ಕಡೆ ಯಾರಿಗರ ಹಿಂಗ ಆಗಿತ್ತೇನ್ರಿ?" ಅಂತ ಕೇಳಿದ್ರು. ನಮ್ಮಪ್ಪನ ಅಕ್ಕ ಎದಿ ಹುಣ್ಣಾಗಿ ಸಣ್ಣ ವಯಸ್ಸಿನ್ಯಾಗ ಹೋಗಿದ್ಲು, ಅಪ್ಪನ ಸೋದರತ್ತಿಗೂ ಹಂಗ ಆಗಿತ್ತಂತ. ಊರಾಗ ಅದನ್ನ ಮನಿ ಶಾಪ ಅಂತಿದ್ರು. ಮೇಡಂ ಹೇಳಿದ್ರು, ಕೆಲವು ಮನಿತನದಾಗ ಇದು ರಕ್ತದ ಕೂಡ ಇಳಿದು ಬರ್ತೈತಿ, ಗಂಡಸ್ರ ಮುಖಾಂತರನೂ ಬರಬಹುದು, ಅದನ್ನ ನೋಡಾಕ ಜೀನ್ ಟೆಸ್ಟ್ ಐತಿ, ಬೆಂಗಳೂರಿಗೆ ರಕ್ತ ಕಳಿಸೋಣು ಅಂತ. ಆಮ್ಯಾಲೆ ಪೆನ್ನು ಹಿಡದು ಕೇಳಿದ್ರು, "ಎಷ್ಟು ಮಕ್ಕಳು ನಿಮಗ?"

"ಒಬ್ಬಾಕಿ ಮಗಳು, ಇಲ್ಲೇ ಕುಂತಾಳಲ್ರಿ" ಅಂದೆ. ಹೇಳೋವಾಗ ನಾಲಿಗಿ ತಡೀಲಿಲ್ಲ. ನಮ್ಮ ಮನಿಯವ್ರು ಮಾತ್ರ ನನ್ನ ಕಡೆ ಒಮ್ಮೆ ನೋಡಿ ಗ್ವಾಡಿ ಕಡೆ ಮಾರಿ ತಿರುಗಿಸಿದ್ರು.

ವೀಣಾನ್ನ ನಾನು ಹಡದಿಲ್ಲ. ಮದುವ್ಯಾಗಿ ಎಷ್ಟೋ ವರ್ಷ ನನಗ ಮಕ್ಕಳಾಗಲಿಲ್ಲ. ಹೋಗದ ದವಾಖಾನಿ ಇಲ್ಲ, ಹೊರದ ಹರಕಿ ಇಲ್ಲ. ನನ್ನ ತಂಗಿ ಕಸ್ತೂರಿ ಮದುವ್ಯಾಗಿ ಅಗಡಿಗೆ ಹೋದ ವರ್ಷನ ಬಸುರಾದ್ಲು. ಬಾಣಂತನಕ್ಕ ತವರಿಗೆ ಬಂದಾಗ ನಮ್ಮವ್ವ ಆಕಿನ್ನ ಕುಂದ್ರಿಸಿಕೊಂಡು ಏನು ಮಾತಾಡಿದ್ಲೋ ಏನೋ, ಕೂಸಿಗೆ ಹೆಸರಿಡೋ ದಿನ ಕಸ್ತೂರಿ ನನ್ನ ಮುಂದ ಬಂದು ನಿಂತ್ಲು. "ಅಕ್ಕಾ, ಸೆರಗು ಒಡ್ಡು" ಅಂದ್ಲು. ಒಡ್ಡಿದೆ. ಕೂಸು ನನ್ನ ಉಡ್ಯಾಗ ಇಟ್ಲು. ನಮ್ಮ ಕಡೆ ಮಕ್ಕಳಿಲ್ಲದ ಅಕ್ಕಗ ತಂಗಿ ಕೂಸು ಕೊಡೋದು ಹೊಸಾದೇನಲ್ಲ. ಕಾಗದ ಬ್ಯಾಡ, ಪತ್ರ ಬ್ಯಾಡ, ಉಡ್ಯಾಗ ಹಾಕಿದ್ರ ಮುಗೀತು. ಆದ್ರ ನಮ್ಮವ್ವ ಒಂದು ಕಟ್ಟು ಹಾಕಿದ್ಲು. "ಕಸ್ತೂರಿ, ಇನ್ನ ಮ್ಯಾಲೆ ಈ ಕೂಸಿನ್ನ ನೀ ಎಣಿಸಬಾರದು. ಎಷ್ಟು ಮಕ್ಕಳು ಅಂತ ಯಾರರ ಕೇಳಿದ್ರ ಇದನ್ನ ಬಿಟ್ಟು ಹೇಳಬೇಕು. ಎಣಿಸಿದಿ ಅಂದ್ರ ಕೊಟ್ಟದ್ದನ್ನ ತಿರುಗಿ ಇಸ್ಕೊಂಡಂಗ" ಅಂದ್ಲು. ಕಸ್ತೂರಿ ಹೂಂ ಅಂದ್ಲು.

ಆ ಮಾತಿಗೆ ಆಕಿ ತಪ್ಪಲಿಲ್ಲ. ಮುಂದ ಆಕಿಗೆ ದೀಪಾ, ಚೈತ್ರಾ ಅಂತ ಇಬ್ಬರು ಹೆಣ್ಮಕ್ಕಳಾದ್ರು. ಯಾರು ಕೇಳಿದ್ರೂ "ಎರಡು ಹೆಣ್ಣರಿ" ಅಂತಿದ್ಲು. ರೇಷನ್ ಕಾರ್ಡಿನವ್ರು ಬಂದ್ರೂ ಎರಡು, ಬಳಿಗಾರ ಕೇಳಿದ್ರೂ ಎರಡು. ವೀಣಾ ಆಕಿನ್ನ "ಚಿಗವ್ವ" ಅಂತ ಕರೀತಿದ್ಲು, ಆಕಿ ವೀಣಾನ್ನ "ಅಕ್ಕನ ಮಗಳು" ಅಂತಿದ್ಲು. ಅಗಡಿಯ ಹಳೇ ಮಂದಿಗೆ ಕೆಲವ್ರಿಗೆ ಗೊತ್ತಿದ್ದೀತು, ಹುಡುಗಿ ಮುಂದ ಯಾರೂ ಬಾಯಿ ಬಿಡಲಿಲ್ಲ. ನಾನಂತೂ ಹಡದಿಲ್ಲ ಅನ್ನೋದನ್ನ ಮರತೇ ಬಿಟ್ಟಿದ್ದೆ. ಆಕಿ ಹಲ್ಲು ಬಂದಾಗಿನ ಜ್ವರ, ಮೊದಲನೇ ದಿನ ಸಾಲ್ಯಾಗ ಅತ್ತದ್ದು, ಎಲ್ಲಾ ನನ್ನ ಮೈ ಮ್ಯಾಲೆ ಹಾದು ಹೋದದ್ದು. ಡಾಕ್ಟರ್ ಕೇಳಿದಾಗ ನಾನು ಸುಳ್ಳು ಹೇಳಿದೆ ಅಂತ ನನಗ ಅನಿಸಲೇ ಇಲ್ಲ.

ಒಂದಿಷ್ಟು ವಾರ ಆದ ಮ್ಯಾಲೆ ನನ್ನ ರಿಪೋರ್ಟ್ ಬಂತು. ಇದು ತವರಿನಿಂದ ಇಳಿದು ಬಂದದ್ದ. "ನಿಮ್ಮ ಮಗಳಿಗೆ ಬಂದಿರೋ ಸಾಧ್ಯತೆ ಅರ್ಧಕ್ಕರ್ಧ, ನಿಮ್ಮ ತಂಗಿಗೂ ಅಷ್ಟ" ಅಂದ್ರು ಮೇಡಂ. ನನಗ ಒಳಗೊಳಗ ಎಂಥಾ ಸಮಾಧಾನ ಆತು ಅಂತೀರಿ! ನಾ ಹಡದಿಲ್ಲಲ್ಲ, ನನ್ನ ಮಗಳು ಪಾರಾದ್ಲು. ಹಡೀಲಿಲ್ಲ ಅಂತ ನಾನು ಜೀವಮಾನದಾಗ ಒಮ್ಮೆ ಖುಷಿ ಪಟ್ಟಿದ್ರ ಅದು ಆವತ್ತ. ಮೊಸರು ವಡೆ ತಿನ್ನೋಣು ಬಾ ಅಂತ ವೀಣಾನ್ನ ಹೋಟೆಲಿಗೆ ಕರ್ಕೊಂಡು ಹೋದೆ. "ಅವ್ವಾ, ಇಂಥಾ ಸುದ್ದಿ ಕೇಳಿ ವಡೆ ತಿಂತಾರೇನು?" ಅಂದ್ಲು. ರೈಲು ಹತ್ತಿ ಕುಂತು, ಕಿಟಕ್ಯಾಗ ಹೊಲ ನೋಡ್ಕೋತ ಬರೋವಾಗ ನನ್ನ ತಲಿಗೆ ಹೊಳೀತು. ಕಸ್ತೂರಿ ಮತ್ತ ನಾನು ಒಂದ ಅಪ್ಪನ ಮಕ್ಕಳು. ಕಸ್ತೂರಿ ಮೈಯಾಗ ಇದ್ರ ವೀಣಾಗೂ ಬಂದಿರಬಹುದು.

ವೀಣಾ ಟೆಸ್ಟ್ ಮಾಡಿಸಿಕೊಳ್ತೇನಿ ಅಂತ ಹಟ ಹಿಡಿದ್ಲು. ನಾನು ಏನೇನೋ ಅಡ್ಡ ತಂದೆ. ಮದುವಿ ಆಗಲಿ ಅಂದೆ, ಬ್ಯಾಸಗಿ ಹೋಗಲಿ ಅಂದೆ. "ಮದುವಿ ಆದ ಮ್ಯಾಲೆ ಗೊತ್ತಾದ್ರ ಮೋಸ ಅಂತಾರ, ಮೊದಲ ಗೊತ್ತಾದ್ರ ಬ್ಯಾಡ ಅಂತಾರ. ಯಾವಾಗ ಗೊತ್ತಾದ್ರ ಚಲೋ ಹೇಳು?" ಅಂದ್ಲು. ಮೇಡಂ ಆಕಿನ್ನ ಒಬ್ಬಾಕಿನ್ನ ಕುಂದ್ರಿಸಿ ಬಿಡಿಸಿ ಹೇಳಿದ್ರಂತ, ಬ್ಯಾಡ ಅನ್ನಿಸಿದ್ರ ರಿಪೋರ್ಟ್ ಬಂದ ಮ್ಯಾಲೂ ನೋಡದ ಇರಬಹುದು ಅಂತ. ಗೊತ್ತು ಮಾಡ್ಕೊಳ್ಳೋದೂ, ಬಿಡೋದೂ ಆಕಿ ಹಕ್ಕು. ಆಕಿ ರಕ್ತ ಕೊಟ್ಲು.

ಆ ರಿಪೋರ್ಟ್ ಬಂದ ದಿನ ನನಗ ಇವತ್ತಿಗೂ ಕಣ್ಣಿಗೆ ಕಟ್ಟಿದಂಗೈತಿ. ಬಿಸಿಲು ಏರಿತ್ತು, ಮೇಡಂ ಖೋಲ್ಯಾಗ ಫ್ಯಾನು ಕಿರ್ ಕಿರ್ ಅಂತಿತ್ತು. ಮೇಡಂ ವೀಣಾನ ಕೈ ಹಿಡಕೊಂಡು, "ಬಂದೈತವಾ. ಇದು ಜಡ್ಡಲ್ಲ, ಜಡ್ಡು ಬರಾಕ ಬಾಗಿಲು ತಗದಿರತೈತಿ ಅಷ್ಟ. ವರ್ಷಾ ವರ್ಷಾ ಸ್ಕ್ಯಾನ್ ಮಾಡಸೋಣು, ಮುಂದಿಂದು ಮುಂದ ವಿಚಾರ ಮಾಡೋಣು" ಅಂದ್ರು. ಆಮ್ಯಾಲೆ ನನ್ನ ಕಡೆ ನೋಡಿ, "ತಾಯಿಂದ ಬಂದದ್ರಿ ಇದು. ನಿಮ್ಮ ಮೈಯಾಗಿದ್ದದ್ದ ಈಕಿ ಮೈಯಾಗೂ ಐತಿ" ಅಂದ್ರು.

ಹೆಂಗ ಹೇಳಲಿ? ಈ ಮೂಗು ನಿನ್ನದಲ್ಲ, ಈ ಬಣ್ಣ ನಿನ್ನದಲ್ಲ ಅಂತ ಮಂದಿ ನನಗ ಎಷ್ಟೋ ಸಲ ಅಂದಿದ್ರು. ಈಗ ಬೆಂಗಳೂರಿನ ಮಷೀನು ಈಕಿ ನಿನ್ನ ಮಗಳ ಅಂತ ಹೇಳಿದಂಗಾತು. ಒಂದು ಗಳಿಗಿ ನನಗ ಸಂತೋಷ ಆತು. ಅಂಥಾ ಸಂತೋಷ ಯಾರಿಗೂ ಬರಬಾರದು. ಮರುಗಳಿಗಿಗೆ ಇನ್ನೊಂದು ಹೊಳೀತು. ಆ ಖೋಲ್ಯಾಗ ನನಗೊಬ್ಬಾಕಿಗೇ ಗೊತ್ತಿತ್ತು, ಈ ರಿಪೋರ್ಟ್ ವೀಣಾ ಒಬ್ಬಾಕಿದಲ್ಲ. ಅಗಡ್ಯಾಗ ಎಮ್ಮಿ ಮೈ ತೊಳೀತಾ ನಿಂತಿರೋ ನನ್ನ ತಂಗಿದೂ ಹೌದು. ಆಕಿಗೆ ಇನ್ನ ಅರ್ಧಕ್ಕರ್ಧ ಅನ್ನೋ ಮಾತಿಲ್ಲ, ಪೂರಾ ಐತಿ. ಆಕಿ ಹಿಂದ ದೀಪಾ, ಚೈತ್ರಾ.

"ಮೇಡಂ, ಚಿಗವ್ವಗ ನೀವ ಫೋನ್ ಮಾಡಿ ಹೇಳ್ರಿ" ಅಂದ್ಲು ವೀಣಾ. ಮೇಡಂ ತಲಿ ಅಲ್ಲಾಡಿಸಿದ್ರು. "ನಾ ಹೇಳೋಹಂಗಿಲ್ಲವಾ. ನಿಮ್ಮ ರಿಪೋರ್ಟ್ ನಿಮ್ಮದು. ಹೇಳಬೇಕೋ ಬ್ಯಾಡೋ ನೀವು ನೀವು ವಿಚಾರ ಮಾಡ್ಕೋರಿ. ಹೇಳಿದ್ರ ಚಲೋ ಅಂತ ಅಷ್ಟ ನಾ ಹೇಳಬಹುದು" ಅಂದ್ರು. ನನಗ ಅಲ್ಲೇ ಖರೇ ಸಂಗತಿ ಹೇಳಿಬಿಡೋಣು ಅನಿಸ್ತು. ಹೇಳಿದ್ರ ಕಸ್ತೂರಿ ಮಕ್ಕಳು ಉಳೀತಾವು, ನನ್ನ ಮಗಳು ನನಗ ಉಳಿಯಂಗಿಲ್ಲ. ಬಾಯಿ ಬಿರುಸಿನ ಶಾಂತಕ್ಕ ತುಟಿ ಹೊಲಕೊಂಡು ಕುಂತೆ.

ಆದ್ರ ಕಸ್ತೂರಿಗೆ ಹೇಳದ ಇರಾಕ ಆಗಲಿಲ್ಲ. ಮರುದಿನ ಅಗಡಿಗೆ ಹೋದೆ. ಹಿತ್ತಲದಾಗ ಭಾಂಡಿ ತಿಕ್ಕಾಕತ್ತಿದ್ಲು, ಗಂಡ ಹೊಲಕ್ಕ, ಹುಡುಗ್ಯಾರು ಕಾಲೇಜಿಗೆ ಹೋಗಿದ್ರು. "ವೀಣಾಗ ಬಂದೈತಿ" ಅಂದೆ.

"ಅಯ್ಯ ನನ್ನ ಶಿವನ, ನಿನ್ನಿಂದೇನ ಅಕ್ಕಾ?" ಅಂದ್ಲು. ಅಷ್ಟು ವರ್ಷ ಎಣಿಸದ ಎಣಿಸದ ಆಕಿಗೂ ಮರತು ಹೋಗಿತ್ತು.

"ನನ್ನಿಂದ ಹೆಂಗ ಬರ್ತೈತಿ ಕಸ್ತೂರಿ?"

ಕೈಯಾಗಿನ ತಂಬಿಗಿ ಹಂಗ ನಿಂತ್ತು. ಬೂದಿ ಮೆತ್ತಿದ ಕೈಲೆ ಕಟ್ಟಿ ಹಿಡಕೊಂಡು ಕುಂತ್ಲು. "ನನಗ ಹೇಳಬಾರದಿತ್ತಕ್ಕಾ" ಅಂದ್ಲು.

"ಹೇಳದಿದ್ರ ನಾಳೆ ನಿನಗ ಏನರ ಆದ್ರ?"

"ಆದಾಗ ಆಗ್ತಿತ್ತು. ಈಗ ದಿನಾ ಆಗ್ತೈತಿ." ಆಕಿ ಹೇಳಿದ್ದೂ ಖರೇನ. ಗೊತ್ತಾಗಬಾರದು ಅನ್ನೋದು ಆಕಿ ಹಕ್ಕಿದ್ರ ಅದನ್ನ ನಾನು ಕೇಳದನ ಕಸಕೊಂಡಿದ್ದೆ. ಟೆಸ್ಟಿಗೆ ಬಾ ಅಂದ್ರ ಒಪ್ಪಲಿಲ್ಲ. ದೀಪಾಗ ಹಾನಗಲ್ ಕಡೆಯವ್ರು ಆಗಷ್ಟ ನೋಡಿ ಹೋಗಿದ್ರು. "ತಾಯಿಗೆ ಇಂಥಾದ್ದು ಐತಿ ಅಂತ ಸುದ್ದಿ ಆದ್ರ ನನ್ನ ಹುಡುಗ್ಯಾರ ಕೈ ಯಾರು ಹಿಡೀತಾರ? ನಾನು ಡಾಕ್ಟರ್ ಮುಂದ ಕುಂತ್ರ ಕೇಳದ ಬಿಡ್ತಾರೇನು, ಎಷ್ಟು ಮಕ್ಕಳು ಅಂತ? ಅವ್ವಗ ಕೊಟ್ಟ ಮಾತು ಎಲ್ಲಿಡಲಿ?" ಅಂದ್ಲು. ಚಹಾ ಕುಡೀಲಾರದ ವಾಪಸ್ ಬಂದೆ.

ವೀಣಾ ಮಾತ್ರ ಚಿಗವ್ವಗ ದಿನಾ ಫೋನ್ ಮಾಡವಳು. "ಚಿಗವ್ವಾ, ನಿನಗ ಇರೋದು ಅರ್ಧಕ್ಕರ್ಧ ಅಷ್ಟ, ಇಲ್ಲ ಅಂತಾದ್ರ ದೀಪಾ ಚೈತ್ರಾ ಇಬ್ಬರೂ ಪಾರು, ಒಮ್ಮೆ ಬಾ." ನಾನು ಹೊಲಿಗಿ ಮಷೀನ್ ತುಳೀತಾ ಕೇಳಸ್ಕೋತಿದ್ದೆ. ಅರ್ಧ ಅಲ್ಲವಾ, ಪೂರಾ ಅಂತ ಗಂಟಲದ ತನಕ ಬರ್ತಿತ್ತು. ಆಕಿ ನನ್ನ ಕೂಡ ಮಾತು ಕಡಿಮಿ ಮಾಡಿದ್ಲು. ಮೊದಲ ಪ್ಯಾಟಿಯಿಂದ ಅರಿವಿ ತಂದು ನನ್ನ ಮುಂದ ಕೈ ಎತ್ತಿ ನಿಂತು "ಅಳತಿ ತಗೋ" ಅನ್ನಾಕಿ, ಈಗ ರಾಣೆಬೆನ್ನೂರಿನ್ಯಾಗ ಹೊಲಿಸಿಕೊಂಡು ಬಂದಿದ್ಲು. ನಾನೂ ಕೇಳಲಿಲ್ಲ. ಆಕಿ ಎದಿ ಸುತ್ತ ಟೇಪ್ ಹಿಡಿಯೋ ಧೈರ್ಯ ನನಗೂ ಇರಲಿಲ್ಲ. ಜಡ್ಡಿನ ಅಂಜಿಕಿಗೆ ಹಿಂಗ ಮಾಡ್ತಾಳ ಅಂತ ತಿಳ್ಕೊಂಡಿದ್ದೆ.

ಯುಗಾದಿ ಹತ್ರ ಬಂದಾಗ ಕಸ್ತೂರಿ ವೀಣಾನ್ನ ನೋಡಾಕ ಅಂತ ಗಿಣ್ಣ ಕಟ್ಟಿಕೊಂಡು ಬ್ಯಾಡಗಿಗೆ ಬಂದಿದ್ಲು. ಉಣ್ಣಾಕ ಕುಂತಾಗ ವೀಣಾ ಅರ್ಧಕ್ಕ ಎದ್ದಳು. "ಇನ್ನೊಂದು ರೊಟ್ಟಿ ತಿನ್ನವಾ, ಮೈಯಾಗ ರಕ್ತ ಆಗಲಿ" ಅಂದೆ. ಆಕಿ ತಟ್ಟಿ ಕುಕ್ಕಿದ್ಲು. "ನಿನ್ನ ರಕ್ತ ಕೊಟ್ಟದ್ದು ಸಾಕಾಗಲಿಲ್ಲೇನು? ನೀ ಕೊಟ್ಟ ಕೊಡುಗಿನ ಹೊತ್ತುಕೊಂಡು ತಿರುಗಾಕತ್ತೇನಿ" ಅಂದ್ಲು. ಹೌದವಾ, ನನ್ನ ತಪ್ಪು ಅಂತ ತಟ್ಟಿ ಎತ್ತಿದೆ. ಕಸ್ತೂರಿ ನನ್ನ ಮಾರೀನ ನೋಡ್ತಾ ಕುಂತಿದ್ಲು. ಯಾರಿಗೂ ಒಂದು ಮಾತು ಸೋಲದ ಅಕ್ಕ, ತನ್ನದಲ್ಲದ ತಪ್ಪಿಗೆ ತಲಿ ಬಗ್ಗಿಸಿದ್ದು ಆಕಿ ನೋಡಿದ್ದು ಅದ ಮೊದಲು. ಹೋಗೋವಾಗ ಬಾಗಲದಾಗ ಚಪ್ಪಲಿ ಮೆಟ್ಟಿಕೋತ, "ರಾಣೆಬೆನ್ನೂರಿಗೆ ಬರ್ತೇನಿ, ಡಾಕ್ಟರ್ ಕಡೆ" ಅಂದ್ಲು. ಯಾಕ ಮನಸ್ಸು ಬದಲಾತು ಅಂತ ನಾ ಕೇಳಲಿಲ್ಲ, ಕೇಳಬೇಕಿತ್ತು.

ಮೂವರೂ ರಾಣೆಬೆನ್ನೂರಿಗೆ ಹೋದ್ವಿ. ಪದ್ಧತಿ ಪ್ರಕಾರ ಮೇಡಂ ನನಗೂ ವೀಣಾಗೂ, "ನೀವಿಬ್ಬರೂ ಹೊರಗ ಕುಂದರ್ರಿ, ಇವ್ರ ಕೂಡ ನಾ ಒಬ್ಬಾಕಿ ಮಾತಾಡಬೇಕು" ಅಂದ್ರು. ಎದ್ದು ನಿಂತಿದ್ವಿ. "ಇರ್ಲಿ ಬಿಡ್ರಿ, ಅವ್ರು ಕೇಳಬೇಕು" ಅಂದ್ಲು ಕಸ್ತೂರಿ. ಮೇಡಂ ವಯಸ್ಸು ಕೇಳಿದ್ರು, ಆರೋಗ್ಯ ಕೇಳಿದ್ರು, ಅಪ್ಪನ ಕಡೆದು ಕೇಳಿದ್ರು. ಆಮ್ಯಾಲೆ ಅದ ಪ್ರಶ್ನಿ. "ಎಷ್ಟು ಮಕ್ಕಳ್ರಿ?"

ನನ್ನ ಕಿವಿಗೆ "ಎರಡು ಹೆಣ್ಣರಿ" ಅನ್ನೋದು ಕೇಳಿಸಿಬಿಟ್ಟಿತ್ತು, ಅಷ್ಟು ರೂಢಿ.

"ಮೂರು" ಅಂದ್ಲು ಕಸ್ತೂರಿ.

ವೀಣಾ ನಕ್ಕಳು. "ಚಿಗವ್ವಾ, ಅಂಜಬ್ಯಾಡ, ಎಣಿಕಿ ಮರತಿ ನೋಡು, ಎರಡು."

"ಮೂರವಾ. ಮೊದಲನೇದಾಕಿ ನೀನು. ಅಕ್ಕನ ಉಡ್ಯಾಗ ಹಾಕಿದ್ದೆ." ಕಸ್ತೂರಿ ಅಷ್ಟಕ್ಕ ನಿಲ್ಲಿಸಲಿಲ್ಲ. "ಈ ಜಡ್ಡು ಅಕ್ಕನ ರಕ್ತದಿಂದ ಬಂದದ್ದಲ್ಲ, ನನ್ನಿಂದ ಬಂದದ್ದು. ಬೈಯೋದಿದ್ರ ನನ್ನ ಬೈ. ಆಕಿನ್ನ ಅನಬ್ಯಾಡ. ಆಕಿ ನಿನಗ ಒಂದೂ ಕೆಟ್ಟದ್ದು ಕೊಟ್ಟಿಲ್ಲ."

ಅಷ್ಟು ವರ್ಷ ಮಗಳು ಅಂತ ಒಮ್ಮೆ ಬಾಯಿ ಬಿಡದಾಕಿ, ಜಡ್ಡು ತನ್ನದು ಅನ್ನಾಕ ಮಗಳನ್ನ ಎಣಿಸಿದ್ಲು. ನನ್ನ ಉಳಿಸಾಕ ನನ್ನ ಕೂಸು ತಿರುಗಿ ಇಸ್ಕೊಂಡಿದ್ಲು. ನಾನು ವೀಣಾನ್ನ ನೋಡಲಾರದ ನನ್ನ ಚೀಲದ ಹಿಡಿಕಿ ನೋಡ್ತಾ ಕುಂತೆ.

ಮೊದಲ ಮಾತಾಡಿದಾಕಿ ವೀಣಾನ. ಅಳು ಇಲ್ಲ, ಸಿಟ್ಟಿಲ್ಲ, ಅಂಗಡ್ಯಾಗ ಗುಳಿಗಿ ಹೆಂಗ ತಗೋಬೇಕು ಅಂತ ಗಿರಾಕಿಗೆ ಹೇಳ್ತಾಳಲ್ಲ, ಆ ದನಿ. "ಮೇಡಂ, ಹಂಗಾದ್ರ ಚಿಗವ್ವಂದು ಟೆಸ್ಟ್ ಮಾಡೋದೇನೈತ್ರಿ? ನನ್ನ ರಿಪೋರ್ಟಿನ್ಯಾಗ ಅದೂ ಬಂದಿದ್ದ ಐತಲ್ಲ."

"ಆದ್ರೂ ಮಾಡೋಣು, ಅವ್ರು ಹೂಂ ಅಂದ್ರ" ಅಂದ್ರು ಮೇಡಂ. ಕನ್ನಡಕ ತಗದು ಟೇಬಲ್ ಮ್ಯಾಲಿಟ್ಟು ನನ್ನ ಕಡೆ ನೋಡಿದ್ರು. "ನೀವು ಮೊದಲ ನನಗ ಹೇಳಬೇಕಿತ್ರಿ."

"ನೀವು ಎಷ್ಟು ಮಕ್ಕಳು ಅಂತ ಕೇಳಿದ್ರಿ. ನಾ ಖರೇನ ಹೇಳೀನಿ" ಅಂದೆ. ಇವತ್ತು ಕೇಳಿದ್ರೂ ಅದನ್ನ ಹೇಳ್ತೇನಿ. ಮೇಡಂ ಕನ್ನಡಕ ತಿರುಗಿ ಹಾಕ್ಕೊಂಡು ಪೆನ್ನು ತಗೊಂಡ್ರು.

ವಾಪಸ್ ರೈಲಿನ್ಯಾಗ ಮೂವರೂ ಒಂದ ಸೀಟಿನ ಮ್ಯಾಲೆ ಕುಂತಿದ್ವಿ, ಕಿಟಕಿಗೆ ವೀಣಾ, ನಡುವ ಕಸ್ತೂರಿ, ಆಮ್ಯಾಲೆ ನಾನು. ಶೇಂಗಾ ಮಾರಾಂವ ಎರಡು ಸಲ ಬಂದು ಹೋದ. ಬ್ಯಾಡಗಿ ಬಂತು, ಘಾಟು ಕಿಟಕ್ಯಾಗ ಬಂದು ಡಬ್ಬಿ ಮಂದಿ ಕೆಮ್ಮಾಕ ಹತ್ತಿದ್ರು. ನಾನು ಎದ್ದೆ. ವೀಣಾ ಏಳಲಿಲ್ಲ.

"ನಾ ಅಗಡಿಗೆ ಹೋಗ್ತೇನಿ" ಅಂದ್ಲು, ಕಿಟಕಿ ಕಡೆನ ಮಾರಿ ಮಾಡಿ.

ಕಸ್ತೂರಿ ಅಂಜಿದ ಕಣ್ಣಿಲೆ ನನ್ನ ನೋಡಿದ್ಲು. ನಾನು ಏನಂತಿದ್ದೆ? ಹೋಗಿ ಬಾ ಅನ್ನಬೇಕೋ, ಹೋಗಬ್ಯಾಡ ಅನ್ನಬೇಕೋ ತಿಳೀಲಿಲ್ಲ. ಇಳಿದೆ. ರೈಲು ಹೋತು. ಒಬ್ಬಾಕಿನ ಯಾರ್ಡಿನ ಬಾಜೂಕ ಹಾದು ಮನಿಗೆ ಬಂದೆ. ತೊಟ್ಟು ಬಿಡಿಸೋ ಹೆಣ್ಮಕ್ಕಳು "ಶಾಂತಕ್ಕಾ, ನನ್ನ ಬ್ಲೌಸ್ ಆತೇನು?" ಅಂತ ಕೂಗಿದ್ರು, ನಾ ತಿರುಗಿ ನೋಡಲಿಲ್ಲ. ಮನಿಯವ್ರು ಡ್ಯೂಟಿ ಮುಗಿಸಿ ಬಂದು ಸ್ವೆಟರ್ ತಗೀತಾ, "ಹುಡುಗಿ ಎಲ್ಲಿ?" ಅಂದ್ರು. "ಅವರವ್ವನ ಮನಿಗೆ ಹೋಗ್ಯಾಳ" ಅಂದೆ. ಆ ಮಾತು ನನ್ನ ಬಾಯಿಂದ ಹೆಂಗ ಬಂತೋ ದೇವರಿಗೆ ಗೊತ್ತು. ಅವ್ರು ಅರ್ಧ ತಗದ ಸ್ವೆಟರಿನ್ಯಾಗ ಹಂಗ ಕುಂತುಬಿಟ್ರು.

ಆಕಿ ಫೋನ್ ಮಾಡಲಿಲ್ಲ. ನಾ ಮಾಡಿದ್ರ ಎತ್ತಲಿಲ್ಲ. ಮಷೀನಿಗೆ ಬಟ್ಟಿ ಹೊಚ್ಚಿ ಇಟ್ಟೆ. ಸುದ್ದಿ ಎಲ್ಲಾ ಕಸ್ತೂರಿ ಕಡೆಯಿಂದ ಬರ್ತಿತ್ತು. ವೀಣಾ ದೀಪಾನ್ನೂ ಚೈತ್ರಾನ್ನೂ ಎದುರಿಗೆ ಕುಂದ್ರಿಸಿಕೊಂಡು ಎಲ್ಲಾ ತಾನ ಹೇಳಿದ್ಲಂತ, ತಾನು ಯಾರು ಅನ್ನೋದೂ, ಜಡ್ಡಿಂದೂ. "ನಾ ಹೇಳ್ತೇನಿ ಬಿಡವಾ ಅಂದೆ, ಬ್ಯಾಡ, ಇದು ದೊಡ್ಡಾಕಿ ಹೇಳೋ ಮಾತು ಅಂದ್ಲು" ಅಂತ ಕಸ್ತೂರಿ ಅತ್ಲು. ಚೈತ್ರಾ ಸಣ್ಣಾಕಿ, ಆಕಿ ಈಗ ಟೆಸ್ಟ್ ಮಾಡಿಸೋದು ಬ್ಯಾಡ, ದೊಡ್ಡಾಕಿ ಆದ ಮ್ಯಾಲೆ ತಾನ ವಿಚಾರ ಮಾಡಲಿ ಅಂತ ಇಟ್ರು. ಹಾನಗಲ್ಲಿನವ್ರಿಗೆ ಹೇಳಬೇಕೋ ಬ್ಯಾಡೋ ಅಂತ ಮನ್ಯಾಗ ದೊಡ್ಡ ಜಗಳ ಆತಂತ, ಕಡೀಕ ದೀಪಾ ತಾನ ಆ ಹುಡುಗಗ ಫೋನ್ ಹಚ್ಚಿ ಹೇಳಿದ್ಲು. ಅವ್ರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮುಂದ ಊಹೂಂ ಅಂದ್ರು. ದೀಪಾ ಒಂದು ದಿನ ಅತ್ತು ಪರೀಕ್ಷೆಗೆ ಓದಾಕ ಕುಂತ್ಲು. ಕಸ್ತೂರಿ ರಿಪೋರ್ಟ್ ನಮಗ ಗೊತ್ತಿದ್ದಂಗನ ಬಂತು. ಸ್ಕ್ಯಾನ್ ಮಾಡಿಸಿದ್ರ ಸಣ್ಣದೊಂದು ಗಂಟು ಸಿಕ್ತು. ಲಗೂ ಸಿಕ್ತು, ಪುಣ್ಯಾ ಅಂದ್ರು ಮೇಡಂ. ಹೇಳಬಾರದಿತ್ತಕ್ಕಾ ಅಂದಾಕಿ ಆಪರೇಷನ್ನಿಗೆ ಹೋಗೋ ಮುಂದ ನನ್ನ ಕೈ ಗಟ್ಟಿ ಹಿಡಕೊಂಡಿದ್ಲು, ಆದ್ರ ಹೇಳಿದ್ದು ಚಲೋ ಆತು ಅಂತ ಮಾತ್ರ ಇವತ್ತಿಗೂ ಅಂದಿಲ್ಲ.

ಆ ಆಪರೇಷನ್ನಿಗೂ ಮೊದಲಿನ ಮಾತು. ಮೊದಲ ಮಳಿ ಬಿದ್ದು ಊರಿನ ಕೆಂಪು ಧೂಳು ತೊಳೆದು ಹೋಗಿತ್ತು. ಮಧ್ಯಾಹ್ನ ನಾನು ಬಾಗಲದಾಗ ಕುಂತು ಅಕ್ಕಿ ಆರಸ್ತಿದ್ದೆ. ವೀಣಾ ಬಂದ್ಲು. ಕೈಯಾಗ ಒಂದು ಗಂಟು. ನನ್ನ ದಾಟಿ ಒಳಗ ಹೋಗಿ, ಮಷೀನಿನ ಮ್ಯಾಲಿನ ಬಟ್ಟಿ ಕಿತ್ತಿ ಬದಿಗಿಟ್ಲು. ಗಂಟು ಬಿಚ್ಚಿದ್ರ ಅಕ್ಕಿ, ಕೊಬ್ಬರಿ ಬಟ್ಟಲ, ಒಂದು ಹಸರು ಖಣ. ಅಗಡ್ಯಾಗ ಉಡಿ ತುಂಬಿ ಕಳಿಸಿದ್ಲು ಕಸ್ತೂರಿ, ತವರಿಂದ ಮಗಳನ್ನ ಕಳಿಸೋಹಂಗ.

"ಇದನ್ನ ಹೊಲಿದು ಕೊಡು" ಅಂದ್ಲು. ನನ್ನ ಮುಂದ ಬಂದು ಎರಡೂ ಕೈ ಎತ್ತಿ ನಿಂತ್ಲು. "ಅಳತಿ ತಗೋ."

ಟೇಪ್ ಹುಡುಕಾಕ ನನಗ ಎಷ್ಟೋ ಹೊತ್ತು ಬೇಕಾತು, ನೋಡಿದ್ರ ಅದು ರೂಢಿಲೆ ನನ್ನ ಕೊಳ್ಳಾಗನ ಇತ್ತು. ಆಕಿ ಎದಿ ಸುತ್ತ ಹಾಕಿದೆ. ಅಷ್ಟು ಹತ್ರ ನಿಂತ್ರ ಒಬ್ಬರ ಮಾರಿ ಒಬ್ಬರಿಗೆ ಕಾಣಂಗಿಲ್ಲ, ಆಕಿ ಉಸಿರು ನನ್ನ ಕಿವಿಗೆ ಬಡೀತಿತ್ತು.

"ನನ್ನ ರಿಪೋರ್ಟ್ ಬಂದ ದಿನ" ಅಂದ್ಲು, "ತಾಯಿಂದ ಬಂದದ್ದು ಅಂತ ಮೇಡಂ ಅಂದಾಗ ನಾ ನಿನ್ನ ಮಾರಿ ನೋಡಿದೆ. ನೀ ನಕ್ಕಿ."

ನನ್ನ ಕೈ ಅಲ್ಲೇ ನಿಂತುವು. ಯಾರೂ ನೋಡಿಲ್ಲ ಅಂತ ತಿಳ್ಕೊಂಡಿದ್ದೆ. ನಗು ಮಾರಿಗೆ ಬಂದಿತ್ತು ಅನ್ನೋದೂ ನನಗ ಗೊತ್ತಿರಲಿಲ್ಲ.

"ನನಗ ಇಂಥಾದ್ದು ಬಂದೈತಿ ಅಂದ್ರ ನಮ್ಮವ್ವ ಯಾಕ ನಗ್ತಾಳ ಅಂತ ನಾನು ಎಷ್ಟು ದಿನ ನಿದ್ದಿ ಮಾಡಿಲ್ಲ ಗೊತ್ತೇನು? ಅದಕ್ಕ ನಿನ್ನ ಮ್ಯಾಲೆ ಅಷ್ಟು ಸಿಟ್ಟು. ಜಡ್ಡಿಗಲ್ಲ."

"ವೀಣಾ…"

"ಈಗ ತಿಳೀತು ಯಾಕ ನಕ್ಕಿ ಅಂತ. ಮೇಡಂ ಖೋಲ್ಯಾಗ ಚಿಗವ್ವ ಮೂರು ಅಂದಾಗನ ತಿಳೀತು. ಆದ್ರ ಆವತ್ತ ನಿನ್ನ ಕೂಡ ರೈಲು ಇಳಿದಿದ್ರ ನಾ ಅಗಡಿಗೆ ಹೋಗ್ತಿದ್ದಿಲ್ಲ. ದೀಪಾಗ, ಚೈತ್ರಾಗ ಹೇಳಬೇಕಿತ್ತು."

ನಾನು ಆಕಿ ಹೆಗಲಿಗೆ ಹಣಿ ಹಚ್ಚಿ ನಿಂತುಬಿಟ್ಟೆ. ಟೇಪ್ ಇನ್ನೂ ಆಕಿ ಮೈ ಸುತ್ತ ಹಂಗ ಇತ್ತು. ಆಕಿ ಕೈ ಕೆಳಗ ಇಳಿಸಲಿಲ್ಲ.

"ಲಗೂ ತಗೋ ಅವ್ವಾ," ಅಂದ್ಲು, "ಕೈ ನೋಯಾಕತ್ತಾವು."